ಹಿಜ್ಕೀಯನ ಪತ್ರ, ಅಪ್ಪನ ನೋಟಿಸು

ಹೋದ ವಾರ ಕೇಳುಗರೊಬ್ಬರು ಒಂದು ವಾಯ್ಸ್ ಮೆಸೇಜ್ ಕಳಿಸಿದ್ರು. ಪ್ರಶ್ನೆ ಇಷ್ಟೇ: "ದೇವರನ್ನ ನಂಬಿದ್ರೆ ಗೆಲ್ತೀವಾ?" ಮೂರು ದಿನ ಆದ್ರೂ ಉತ್ತರ ಕೊಡೋಕೆ ಆಗಲಿಲ್ಲ. ಇವತ್ತು ಪ್ರಯತ್ನ ಪಡ್ತೀನಿ. ಯೆರೂಸಲೇಮಿನ ಒಂದು ಮುತ್ತಿಗೆಯ ಕಥೆ ಇದೆ, ನಡುವೆ ನಮ್ಮ ಕಾಟನ್‌ಪೇಟೆಯೂ ಬರುತ್ತೆ.

ಕ್ರಿ.ಪೂ. 701. ಯೆಹೂದ ಅಂತ ಒಂದು ಪುಟ್ಟ ರಾಜ್ಯ. ರಾಜಧಾನಿ ಯೆರೂಸಲೇಮ್, ಅರಸ ಹಿಜ್ಕೀಯ. ಎದುರಿಗೆ ಅಶ್ಶೂರದ ಚಕ್ರವರ್ತಿ ಸನ್ಹೇರೀಬ. ಸುಮಾರು ಇಪ್ಪತ್ತು ವರ್ಷದ ಹಿಂದೆಯಷ್ಟೇ ಪಕ್ಕದ ಇಸ್ರಾಯೇಲ್ ರಾಜ್ಯವನ್ನ ಇದೇ ಅಶ್ಶೂರದವರು ಮುಗಿಸಿದ್ದರು. ಈಗ ಯೆಹೂದದ ಸರದಿ. ಕೋಟೆ ಇರೋ 46 ಊರು ಹಿಡಿದೆ, ಹಿಜ್ಕೀಯನನ್ನ ಪಂಜರದ ಹಕ್ಕಿ ಥರ ಕೂಡಿಹಾಕಿದೆ ಅಂತ ಸನ್ಹೇರೀಬನೇ ಬರೆಸಿದ್ದಾನೆ. ಆ ಮಣ್ಣಿನ ಶಾಸನದ ಒಂದು ಪ್ರತಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಹಿಜ್ಕೀಯ ದೇವರನ್ನ ನಂಬಿದವನು, ಸರಿ. ಆದ್ರೆ ಕೈಕಟ್ಟಿ ಕೂತವನಲ್ಲ. ಊರಿನ ಹೊರಗಿದ್ದ ನೀರಿನ ಬುಗ್ಗೆಯನ್ನ ಒಳಗೆ ತರೋಕೆ ಬಂಡೆ ಕೊರೆಸಿದ. ಸುಮಾರು 533 ಮೀಟರ್ ಸುರಂಗ. ಎರಡು ಕಡೆಯಿಂದ ಎರಡು ತಂಡ ಅಗೆಯುತ್ತಾ ಬಂದು ನೆಲದಡಿಯಲ್ಲಿ ಸೇರಿಕೊಂಡರು. ಈಗಲೂ ಅದರಲ್ಲಿ ನೀರು ಹರಿಯುತ್ತೆ, ಜನ ನಡೆದುಕೊಂಡು ಹೋಗ್ತಾರೆ. ಶತ್ರುವಿಗೆ ಕಪ್ಪವನ್ನೂ ಕಟ್ಟಿದ: 300 ತಲಾಂತು ಬೆಳ್ಳಿ, 30 ತಲಾಂತು ಚಿನ್ನ. ಅದಕ್ಕಾಗಿ ದೇವಾಲಯದ ಬಾಗಿಲಿನ ಚಿನ್ನವನ್ನೇ ಕಿತ್ತುಕೊಟ್ಟ. ಅಷ್ಟಾದ್ರೂ ಸೈನ್ಯ ಬಂತು. ಬಿಕಾಂ ಓದಿದ ನನಗೆ ಇದು ಗೊತ್ತಿರೋ ಲೆಕ್ಕ, ಬಡ್ಡಿ ಕಟ್ಟಿದ್ರೂ ಅಸಲು ಅಲ್ಲೇ ಇರುತ್ತೆ.

ಆಮೇಲೆ ಅಶ್ಶೂರದ ಅಧಿಕಾರಿ ರಬ್ಷಾಕೆ ಗೋಡೆಯ ಹೊರಗೆ ನಿಂತು ಕೂಗಿದ: ಯಾವ ನಂಬಿಕೆಯ ಮೇಲೆ ನಿಂತಿದ್ದೀರಿ? 2,000 ಕುದುರೆ ನಾನೇ ಕೊಡ್ತೀನಿ, ಹತ್ತಿಸೋಕೆ ಸವಾರರಿದ್ದಾರಾ? ಹಿಜ್ಕೀಯನ ಮಂತ್ರಿಗಳು, "ಅರಾಮಿಕ್‌ನಲ್ಲಿ ಮಾತಾಡಿ, ಗೋಡೆ ಮೇಲಿರೋ ಜನಕ್ಕೆ ಕೇಳಿಸುತ್ತೆ" ಅಂತ ಬೇಡಿಕೊಂಡರು. ಅವನು ಬೇಕಂತಲೇ ಜನರ ಭಾಷೆಯಲ್ಲೇ ಇನ್ನೂ ಜೋರಾಗಿ ಕೂಗಿದ. ಹೆದರಿಸೋದು ಹೇಗೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

ನಂತರ ಒಂದು ಬೆದರಿಕೆ ಪತ್ರ ಬಂತು. ಹಿಜ್ಕೀಯ ಓದಿದ. ದೇವಾಲಯಕ್ಕೆ ಹೋಗಿ ಆ ಪತ್ರವನ್ನ ಬಿಚ್ಚಿ ಯೆಹೋವನ ಮುಂದೆ ಹರಡಿದ.

ಈ ಜಾಗ ಬಂದಾಗಲೆಲ್ಲ ನನಗೆ ಅಪ್ಪ ನೆನಪಾಗ್ತಾರೆ. ಕಾಟನ್‌ಪೇಟೆಯಲ್ಲಿ ನಮ್ಮದೊಂದು ಚಿಕ್ಕ ಅಂಗಡಿ ಇತ್ತು. ಲೈನಿಂಗ್ ಬಟ್ಟೆ, ಸೀರೆ ಫಾಲ್ಸ್, ನೂಲು. ಮುಂದಿನ ರಸ್ತೆ ಅಗೆದು ಹಾಕಿದ ಮೇಲೆ ಗಿರಾಕಿ ಒಳಗೆ ಬರೋಕೆ ಹಲಗೆ ದಾಟಬೇಕಿತ್ತು. ಟೈಲರ್‌ಗಳು ಬೇರೆ ಕಡೆ ಹೋಗೋಕೆ ಶುರು ಮಾಡಿದ್ರು. ಸಾಲದ ಕಂತು ನಿಂತಿತು, ಬ್ಯಾಂಕಿನ ನೋಟಿಸ್ ಬಂತು. ಅಪ್ಪ ಅದನ್ನ ಓದಿ, ಬೈಬಲ್ ತೆಗೆದು, ಇದೇ ಅಧ್ಯಾಯದ ಮೇಲೆ ಹರಡಿಟ್ಟು ಮಂಡಿಯೂರಿದ್ರು. ನನಗೆ ಸಿಟ್ಟು ಬಂದಿತ್ತು. "ಅಪ್ಪ, ದೇವರಿಗೆ ಇಎಂಐ ಅರ್ಥ ಆಗುತ್ತಾ?" ಅಂದುಬಿಟ್ಟೆ. ಅವರು ಏನೂ ಅನ್ನಲಿಲ್ಲ. ಎದ್ದು, ಸ್ಟಾಕ್ ಪುಸ್ತಕ ನನ್ನ ಕೈಗೆ ಕೊಟ್ಟು, "ಯಾವುದನ್ನ ಮೊದಲು ಮಾರಬೇಕು ನೋಡು ಮಗ" ಅಂದ್ರು. ಅದು ಅವರ ಸುರಂಗ ಅಂತ ನನಗೆ ಆವತ್ತು ಹೊಳೆಯಲಿಲ್ಲ.

ಯೆರೂಸಲೇಮ್ ಉಳಿಯಿತು. ದೇವದೂತ ಒಂದೇ ರಾತ್ರಿ ಅಶ್ಶೂರದ ಪಾಳೆಯದಲ್ಲಿ 1,85,000 ಜನರನ್ನ ಸಂಹರಿಸಿದ ಅಂತ ಬೈಬಲ್ ಹೇಳುತ್ತೆ. ಸನ್ಹೇರೀಬನ ಶಾಸನ ಆ ವಿಷಯ ಎತ್ತೋದಿಲ್ಲ, ಆದ್ರೆ ನಗರ ಹಿಡಿದೆ ಅಂತಲೂ ಹೇಳೋದಿಲ್ಲ. ಪ್ರಸಂಗಗಳಲ್ಲಿ ಸಾಮಾನ್ಯವಾಗಿ ಕಥೆ ಇಲ್ಲಿಗೆ ನಿಲ್ಲುತ್ತೆ. ನನಗೆ ಲಾಕೀಷ್ ಬಿಟ್ಟು ಮುಂದೆ ಹೋಗೋಕೆ ಆಗಲ್ಲ. ಅದೂ ಹಿಜ್ಕೀಯನ ಊರೇ, ಅದೇ ವರ್ಷ ಬಿತ್ತು. ಸನ್ಹೇರೀಬ ತನ್ನ ಅರಮನೆ ಗೋಡೆಯಲ್ಲಿ ಅದನ್ನ ಕೆತ್ತಿಸಿಕೊಂಡ. ಗಂಟುಮೂಟೆ ಹೇರಿದ ಎತ್ತಿನ ಗಾಡಿ, ಮೇಲೆ ಹೆಂಗಸರು ಮಕ್ಕಳು, ಊರು ಬಿಟ್ಟು ಸಾಲಾಗಿ ಹೋಗ್ತಿದ್ದಾರೆ. ಅವರಲ್ಲಿ ಯಾರೂ ಪ್ರಾರ್ಥನೆ ಮಾಡಿರಲಿಲ್ವಾ? ಅವರ ನಂಬಿಕೆ ಕಮ್ಮಿ ಇತ್ತು ಅಂತ ಹೇಳೋ ಧೈರ್ಯ ನನಗಿಲ್ಲ.

ಯೆರೂಸಲೇಮ್ ಕೂಡ ಒಂದು ಶತಮಾನ ಕಳೆದ ಮೇಲೆ, ಕ್ರಿ.ಪೂ. 586ರ ಹೊತ್ತಿಗೆ, ಬಾಬೆಲಿನವರ ಕೈಗೆ ಬಿತ್ತು. ದೇವಾಲಯ ಇದೆ, ನಮಗೇನೂ ಆಗಲ್ಲ ಅಂತ ಜನ ಧೈರ್ಯವಾಗಿದ್ರು. ಹಾಗೆ ನೆಚ್ಚಿಕೊಂಡು ಕೂರಬೇಡಿ ಅಂತ ಪ್ರವಾದಿ ಯೆರೆಮೀಯ ದೇವಾಲಯದ ಬಾಗಿಲಲ್ಲೇ ನಿಂತು ಹೇಳಿದ್ದ.

ಈಗ ನಮ್ಮ ಬೀದಿಗೆ ಬರ್ತೀನಿ. ಕಾಟನ್‌ಪೇಟೆಯಲ್ಲಿ ತವಕ್ಕಲ್ ಮಸ್ತಾನ್ ಸಾಹೇಬರ ದರ್ಗಾ ಇದೆ. ಕರಗದ ರಾತ್ರಿ ಧರ್ಮರಾಯಸ್ವಾಮಿಯ ಕರಗ ಅಲ್ಲಿಗೆ ಬಂದೇ ಮುಂದೆ ಹೋಗೋದು, ಬೆಂಗಳೂರಿನವರಿಗೆ ಇದು ಗೊತ್ತು. ತವಕ್ಕಲ್ ಅಂದ್ರೆ ಏನು ಅಂತ ನಾನು ಕೇಳಿದ್ದು ತೀರಾ ತಡವಾಗಿ. ದೇವರ ಮೇಲೆ ಭಾರ ಹಾಕೋದು, ಅವನನ್ನೇ ನೆಚ್ಚೋದು ಅಂತ ಅರ್ಥ. ಇಷ್ಟು ವರ್ಷ ದಿನಾ ಆ ಹೆಸರಿನ ಮುಂದೆಯೇ ಓಡಾಡಿದ್ದೀನಿ! ಮಸ್ತಾನ್ ಸಾಹೇಬರು ಬೆಂಗಳೂರು ಕೋಟೆ ಕಟ್ಟುವಾಗ ಕೂಲಿಯವರ ಜೊತೆ ಕಲ್ಲು ಹೊತ್ತರು, ಸಂಜೆ ಕೂಲಿ ಮಾತ್ರ ತಗೊಳ್ತಿರಲಿಲ್ಲ ಅಂತ ಹೇಳ್ತಾರೆ. ಆ ಕೋಟೆಯೂ ಉಳೀಲಿಲ್ಲ. 1791ರ ಮಾರ್ಚ್ 21ರ ರಾತ್ರಿ ಕಾರ್ನ್‌ವಾಲಿಸನ ಸೈನ್ಯ ಗೋಡೆ ಒಡೆದು ನುಗ್ಗಿತು. ಕಿಲ್ಲೇದಾರ ಬಹದ್ದೂರ್ ಖಾನ್ ಹೋರಾಡುತ್ತಲೇ ಸತ್ತ. ಕೋಟೆಯಲ್ಲಿ ಈಗ ಉಳಿದಿರೋದು ಮಾರ್ಕೆಟ್ ಹತ್ತಿರದ ಒಂದು ತುಂಡು. ದರ್ಗಾಕ್ಕೆ ಮಾತ್ರ ಜನ ಬರ್ತಾನೇ ಇದ್ದಾರೆ.

ಹಾಗಾಗಿ ಪ್ರಶ್ನೆ ಕೇಳಿದವರಿಗೆ ನನ್ನ ಉತ್ತರ: ಗೆಲ್ತೀರಿ ಅಂತ ನಾನು ಮಾತು ಕೊಡಲ್ಲ. ಹಿಜ್ಕೀಯನಿಗೂ ಪತ್ರ ಹರಡಿದಾಗ ಬೆಳಗ್ಗೆ ಏನಾಗುತ್ತೆ ಅಂತ ಗೊತ್ತಿರಲಿಲ್ಲ. ಹೆದರಿಕೆಯನ್ನ ಮುಚ್ಚಿಡದೆ, ಬಂದ ಪತ್ರವನ್ನ ಬಂದ ಹಾಗೇ ದೇವರ ಮುಂದೆ ಇಟ್ಟ, ಅಷ್ಟೇ.

ನಮ್ಮ ಅಂಗಡಿ ಉಳೀಲಿಲ್ಲ. ಸರಕನ್ನ ಸಿಕ್ಕ ಬೆಲೆಗೆ ಮಾರಿ ಸಾಲ ತೀರಿಸಿದ್ವಿ. ಅಪ್ಪ ಈಗ ಬೇರೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೀತಾರೆ. ಭಾನುವಾರ ಕನ್ನಡ ಆರಾಧನೆ ತಪ್ಪಿಸಲ್ಲ. ಸಾಲ ತೀರಿದ ಮೇಲೆ ಬ್ಯಾಂಕ್ ಕೊಟ್ಟ ನೋ ಡ್ಯೂ ಸರ್ಟಿಫಿಕೇಟ್ ನನ್ನ ಫೈಲ್‌ನಲ್ಲಿದೆ. ಆ ಮೊದಲ ನೋಟಿಸ್ ಮಾತ್ರ ಇವತ್ತಿಗೂ ಅಪ್ಪನ ಬೈಬಲ್‌ನಲ್ಲೇ ಇದೆ, ಅದೇ ಪುಟದಲ್ಲಿ.

ಮುಂದಿನ ವಾರ ಸಿಗೋಣ.