ಜೂನ್ 30ರವರೆಗಿನ ಕೆಲಸ: ಇಂಗ್ಲೆಂಡಿನ ಕೆಳ ಲೀಗುಗಳಲ್ಲಿ ಫುಟ್‌ಬಾಲ್ ವೃತ್ತಿ

1. ಮೇ ತಿಂಗಳ ಪಟ್ಟಿ

ಇಂಗ್ಲೆಂಡಿನ ಫುಟ್‌ಬಾಲ್ ಸೀಸನ್ ಆಗಸ್ಟಿನಲ್ಲಿ ಶುರುವಾಗಿ ಮೇ ತಿಂಗಳಲ್ಲಿ ಮುಗಿಯುತ್ತದೆ. ಕೊನೆಯ ಪಂದ್ಯ ಆದ ಕೆಲವೇ ದಿನಗಳಲ್ಲಿ ಪ್ರತಿ ಕ್ಲಬ್ಬೂ ಒಂದು ಪಟ್ಟಿ ಹೊರಡಿಸುತ್ತದೆ. ಯಾರನ್ನು ಉಳಿಸಿಕೊಂಡಿದೆ, ಯಾರ ಜೊತೆ ಮಾತುಕತೆ ನಡೆದಿದೆ, ಯಾರನ್ನು ಬಿಟ್ಟಿದೆ ಎಂಬುದಷ್ಟೇ ಅದರಲ್ಲಿರುತ್ತದೆ. ಕ್ಲಬ್ ಕೈಬಿಟ್ಟವನ ಸಂಬಳ ಸಾಮಾನ್ಯವಾಗಿ ಜೂನ್ 30ಕ್ಕೆ ನಿಲ್ಲುತ್ತದೆ. ಜುಲೈ ಮೊದಲ ವಾರದಲ್ಲಿ ಬೇರೆ ಕ್ಲಬ್ಬುಗಳ ತರಬೇತಿ ಶುರುವಾಗುವ ಹೊತ್ತಿಗೆ ಅವನು ಬೂಟಿನ ಚೀಲ ಹಿಡಿದು ಯಾವುದಾದರೂ ಊರಿಗೆ ಟ್ರಯಲ್‌ಗೆ ಹೋಗಿರಬೇಕು. ಮನೆ ಬಾಡಿಗೆ, ಮಕ್ಕಳ ಶಾಲೆ, ಹೆಂಡತಿಯ ನೌಕರಿ ಎಲ್ಲವೂ ಆ ಟ್ರಯಲ್ ಏನಾಗುತ್ತದೆ ಎಂಬುದರ ಮೇಲೆ ನಿಂತಿರುತ್ತವೆ.

ಫುಟ್‌ಬಾಲಿಗ ಎಂದೊಡನೆ ಟಿ.ವಿ.ಯಲ್ಲಿ ಕಾಣುವ ಕೋಟ್ಯಧಿಪತಿಯೇ ನಮ್ಮ ಕಣ್ಣಮುಂದೆ ಬರುತ್ತಾನೆ. ಪ್ರೀಮಿಯರ್ ಲೀಗಿನಲ್ಲಿ ಇರುವುದು 20 ಕ್ಲಬ್ಬುಗಳು. ಅದರ ಕೆಳಗೆ ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟೂ ಎಂಬ ಮೂರು ವಿಭಾಗಗಳಲ್ಲಿ ತಲಾ 24ರಂತೆ 72 ಕ್ಲಬ್ಬುಗಳಿವೆ. ಅವುಗಳಿಗೂ ಕೆಳಗೆ ನ್ಯಾಷನಲ್ ಲೀಗ್, ಅದರಾಚೆ ಅರೆಕಾಲಿಕ ಆಟಗಾರರ ನೂರಾರು ತಂಡಗಳಿವೆ. ಆಟವನ್ನೇ ಹೊಟ್ಟೆಪಾಡು ಮಾಡಿಕೊಂಡವರಲ್ಲಿ ಹೆಚ್ಚಿನವರು ಈ ಕೆಳಗಿನ ಮೆಟ್ಟಿಲುಗಳಲ್ಲೇ ಇದ್ದಾರೆ. ಒಂದು ಸೀಸನ್ನಿಗೆ 46 ಲೀಗ್ ಪಂದ್ಯ, ಮೇಲೆ ಕಪ್ ಪಂದ್ಯಗಳು, ಶನಿವಾರ ಮಧ್ಯಾಹ್ನ ಮೂರಕ್ಕೆ ಒಂದು ಆಟ, ಎಷ್ಟೋ ವಾರಗಳಲ್ಲಿ ಮಂಗಳವಾರ ರಾತ್ರಿ ಇನ್ನೊಂದು. ಈ ಬರಹ ಅವರ ಕುರಿತದ್ದು. ಮೇಲೇರಲು ಅವಕಾಶ ಕೊಡುವ ನಿಯಮವೇ ಅವರ ಕೆಲಸವನ್ನು ಅಭದ್ರಗೊಳಿಸಿದ್ದು ಹೇಗೆ ಎಂಬುದು ಇಲ್ಲಿನ ಮುಖ್ಯ ವಿಚಾರ.

2. ಸಂಬಳಕ್ಕೆ ಮಿತಿ, ಕಾಲಿಗೆ ಕಟ್ಟು

ಹಣ ಪಡೆದು ಆಡುವುದಕ್ಕೆ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಒಪ್ಪಿದ್ದು 1885ರಲ್ಲಿ. ಮೂರು ವರ್ಷದ ನಂತರ, 1888ರಲ್ಲಿ, ಆಸ್ಟನ್ ವಿಲ್ಲಾ ಕ್ಲಬ್ಬಿನ ವಿಲಿಯಂ ಮೆಕ್‌ಗ್ರೆಗರ್ ಅವರ ಮುಂದಾಳತ್ವದಲ್ಲಿ 12 ಕ್ಲಬ್ಬುಗಳ ಫುಟ್‌ಬಾಲ್ ಲೀಗ್ ಹುಟ್ಟಿತು. ಸಂಬಳ ಕೊಡಬಹುದು ಎಂದಾದ ಮೇಲೆ ಎಷ್ಟು ಕೊಡಬಹುದು ಎಂಬ ಪ್ರಶ್ನೆ ಎದ್ದಿತು. 1901ರಲ್ಲಿ ವಾರಕ್ಕೆ ಹೆಚ್ಚೆಂದರೆ 4 ಪೌಂಡ್ ಎಂದು ಗೆರೆ ಎಳೆದರು. ಆ ಮೊತ್ತ ನಿಧಾನವಾಗಿ ಏರಿ 1961ರ ಹೊತ್ತಿಗೆ 20 ಪೌಂಡ್ ಮುಟ್ಟಿತ್ತು. ಆ ವರ್ಷದ ಜನವರಿಯಲ್ಲಿ, ಜಿಮ್ಮಿ ಹಿಲ್ ಅಧ್ಯಕ್ಷರಾಗಿದ್ದ ಆಟಗಾರರ ಸಂಘ ಮುಷ್ಕರದ ಬೆದರಿಕೆ ಹಾಕಿದಾಗ ಮಿತಿ ಬಿದ್ದುಹೋಯಿತು. ಫುಲಂ ಕ್ಲಬ್ಬಿನ ಜಾನಿ ಹೇನ್ಸ್ ಅವರಿಗೆ ವಾರಕ್ಕೆ 100 ಪೌಂಡ್ ಸಿಕ್ಕಿತು.

ಸಂಬಳಕ್ಕಿಂತ ಬಿಗಿಯಾದ ಇನ್ನೊಂದು ಕಟ್ಟು ಇತ್ತು. ಒಪ್ಪಂದದ ಅವಧಿ ಮುಗಿದರೂ ಕ್ಲಬ್ ಬಿಡುವವರೆಗೆ ಆಟಗಾರ ಬೇರೆಡೆ ಹೋಗುವಂತಿರಲಿಲ್ಲ. ನ್ಯೂಕಾಸಲ್ ಯುನೈಟೆಡ್‌ನ ಜಾರ್ಜ್ ಈಸ್ಟಂ ಇದನ್ನು ಒಪ್ಪದೆ ಊರು ಬಿಟ್ಟು ಬಂದು, ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿ ಕೆಲ ತಿಂಗಳು ಕಾರ್ಕ್ ಮಾರುವ ಕೆಲಸ ಮಾಡಿದರು. 1960ರಲ್ಲಿ ಕ್ಲಬ್ ಕೊನೆಗೂ ಅವರನ್ನು ಆರ್ಸೆನಲ್‌ಗೆ ಮಾರಿತು. ತಮ್ಮ ಕೆಲಸ ಆಯಿತೆಂದು ಈಸ್ಟಂ ಸುಮ್ಮನಾಗಲಿಲ್ಲ. ಸಂಘದ ಬೆಂಬಲದಿಂದ ಕೋರ್ಟಿಗೆ ಹೋದರು. ಈ ಕಟ್ಟು ದುಡಿಯುವ ಹಕ್ಕಿಗೆ ಅನುಚಿತ ಅಡ್ಡಿ ಎಂದು 1963ರಲ್ಲಿ ನ್ಯಾಯಮೂರ್ತಿ ವಿಲ್ಬರ್‌ಫೋರ್ಸ್ ತೀರ್ಪಿತ್ತರು. ಉಳಿದ ಗಂಟು ಬಿಚ್ಚಿದ್ದು 1995ರ ಡಿಸೆಂಬರಿನಲ್ಲಿ. ಬೆಲ್ಜಿಯಂನ ಮೊದಲ ದರ್ಜೆಯ ಕ್ಲಬ್ಬಿನಲ್ಲಿದ್ದ ಜಾನ್-ಮಾರ್ಕ್ ಬಾಸ್ಮನ್ ಹೂಡಿದ ಮೊಕದ್ದಮೆಯಲ್ಲಿ, ಒಪ್ಪಂದ ಮುಗಿದ ಆಟಗಾರನಿಗೆ ಕ್ಲಬ್ ಬೆಲೆ ಕೇಳುವಂತಿಲ್ಲ ಎಂದು ಯುರೋಪಿನ ನ್ಯಾಯಾಲಯ ಹೇಳಿತು.

ಹತ್ತು ಕ್ಲಬ್ಬುಗಳು ಬಾಗಿಲಲ್ಲಿ ಕಾದಿದ್ದ ಆಟಗಾರನಿಗೆ ಈ ತೀರ್ಪು ವರವಾಯಿತು. ಯಾರೂ ಕಾಯದವನಿಗೆ? ಹಳೆಯ ಪದ್ಧತಿಯಲ್ಲಿ ಕ್ಲಬ್ಬಿಗೆ ಅವನು ಆಸ್ತಿ, ಮಾರಿದರೆ ನಾಲ್ಕು ಕಾಸು ಬರುತ್ತಿತ್ತು. ಈಗ ಒಪ್ಪಂದ ಮುಗಿದ ಮರುದಿನ ಅವನಿಂದ ಏನೂ ಹುಟ್ಟದು. ಸಣ್ಣ ಕ್ಲಬ್ಬಿಗೆ ಎರಡು ಮೂರು ವರ್ಷದ ಒಪ್ಪಂದ ಭಾರ. ಹಾಗಾಗಿ ಅಲ್ಲಿ ಒಂದು ವರ್ಷದ ಒಪ್ಪಂದ ಮಾಮೂಲಾಯಿತು. ಆಟಗಾರ ಸ್ವತಂತ್ರನೂ ಆದ, ಪ್ರತಿ ಮೇ ತಿಂಗಳಲ್ಲಿ ನಿರುದ್ಯೋಗದ ಹೊಸ್ತಿಲಿಗೂ ಬಂದ.

3. ಹದಿನಾರು, ಹದಿನೆಂಟು

ವೃತ್ತಿ ಶುರುವಾಗುವುದು ಹದಿನಾರಕ್ಕೆ. ಕ್ಲಬ್ಬಿನ ಅಕಾಡೆಮಿಯಲ್ಲಿ ಬೆಳೆದ ಹುಡುಗನಿಗೆ ಆ ವಯಸ್ಸಿನಲ್ಲಿ ಎರಡು ವರ್ಷದ ಶಿಕ್ಷಣಾರ್ಥಿ ಸ್ಥಾನ ಸಿಗುತ್ತದೆ, ಅಥವಾ ಸಿಗುವುದಿಲ್ಲ. ಹಿಂದಿನ ತಲೆಮಾರಿನಲ್ಲಿ ಈ ಹುಡುಗರು ಹಿರಿಯರ ಬೂಟು ಉಜ್ಜಿ, ಡ್ರೆಸಿಂಗ್ ರೂಂ ಗುಡಿಸಿ ಆಟ ಕಲಿಯುತ್ತಿದ್ದರು. ಹದಿನೆಂಟಕ್ಕೆ ಎರಡನೇ ತೀರ್ಮಾನ ಬರುತ್ತದೆ, ಪೂರ್ಣ ಒಪ್ಪಂದ ಅಥವಾ ಮನೆ. ಕೆಳ ಲೀಗುಗಳು ಬಹುಮಟ್ಟಿಗೆ ತುಂಬಿಕೊಂಡಿರುವುದೇ ಮೇಲಿನಿಂದ ಹೀಗೆ ಉದುರಿ ಬಂದವರಿಂದ.

ರಿಕಿ ಲ್ಯಾಂಬರ್ಟ್ ಅವರನ್ನು ಲಿವರ್‌ಪೂಲ್ ಹದಿನೈದರ ವಯಸ್ಸಿನಲ್ಲಿ ಬಿಟ್ಟುಕೊಟ್ಟಿತು. ಮುಂದೆ ಬ್ಲ್ಯಾಕ್‌ಪೂಲ್ ಕೂಡ ಕೈಬಿಟ್ಟಾಗ ಅವರು ಬೀಟ್‌ರೂಟ್ ಕಾರ್ಖಾನೆಯಲ್ಲಿ ಜಾಡಿಗಳಿಗೆ ಮುಚ್ಚಳ ಹಾಕುವ ಕೂಲಿಗೆ ನಿಂತರು. ಅಲ್ಲಿಂದ ಮ್ಯಾಕಲ್ಸ್‌ಫೀಲ್ಡ್, ಸ್ಟಾಕ್‌ಪೋರ್ಟ್, ರೋಚ್‌ಡೇಲ್, ಬ್ರಿಸ್ಟಲ್ ರೋವರ್ಸ್ ಹೀಗೆ ಊರಿಂದೂರಿಗೆ ಸಾಗಿ 2009ರಲ್ಲಿ ಮೂರನೇ ವಿಭಾಗದಲ್ಲಿದ್ದ ಸೌತಾಂಪ್ಟನ್ ಸೇರಿದರು. ಆ ಕ್ಲಬ್ ಎರಡು ಬಡ್ತಿ ಪಡೆದು ಪ್ರೀಮಿಯರ್ ಲೀಗಿಗೆ ಬಂದಾಗ ಲ್ಯಾಂಬರ್ಟ್ ಅದರ ಜೊತೆಯಲ್ಲೇ ಬಂದರು. 2013ರ ಆಗಸ್ಟಿನಲ್ಲಿ ವೆಂಬ್ಲಿಯಲ್ಲಿ ಸ್ಕಾಟ್ಲೆಂಡ್ ವಿರುದ್ಧ ಬದಲಿ ಆಟಗಾರನಾಗಿ ಇಳಿದು, ಇಂಗ್ಲೆಂಡ್ ಪರ ಮೊದಲ ಸಲ ಚೆಂಡು ಮುಟ್ಟಿದಾಗಲೇ ತಲೆಯಿಂದ ಗೋಲು ಹೊಡೆದರು. ಆಗ ಅವರಿಗೆ 31 ವರ್ಷ.

ಜೇಮಿ ವಾರ್ಡಿ ಅವರ ಕತೆ ಇನ್ನೂ ಪ್ರಸಿದ್ಧ. ಹದಿನಾರಕ್ಕೆ ಶೆಫೀಲ್ಡ್ ವೆಡ್ನಸ್‌ಡೇ ಬಿಟ್ಟ ಮೇಲೆ ಸ್ಟಾಕ್ಸ್‌ಬ್ರಿಜ್ ಪಾರ್ಕ್ ಸ್ಟೀಲ್ಸ್ ಎಂಬ ಸಣ್ಣ ಕ್ಲಬ್ಬಿನಲ್ಲಿ ವಾರಕ್ಕೆ 30 ಪೌಂಡಿಗೆ ಆಡುತ್ತ, ಕೈಕಾಲಿಗೆ ಕಟ್ಟುವ ವೈದ್ಯಕೀಯ ಪಟ್ಟಿ ತಯಾರಿಸುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. 2012ರಲ್ಲಿ ಲೆಸ್ಟರ್ ಸಿಟಿ ಅವರಿಗೆ 10 ಲಕ್ಷ ಪೌಂಡ್ ತೆತ್ತಿತು. 2016ರಲ್ಲಿ ಲೆಸ್ಟರ್ ಪ್ರೀಮಿಯರ್ ಲೀಗ್ ಗೆದ್ದಿತು. ಈ ಎರಡು ಉದಾಹರಣೆಗಳು ಪ್ರತಿ ಡ್ರೆಸಿಂಗ್ ರೂಮಿನಲ್ಲೂ ಓಡಾಡುತ್ತವೆ. ಇಪ್ಪತ್ತಾರರ ಹುಡುಗನಿಗೆ ಇನ್ನೊಂದು ವರ್ಷ ನೋಡೋಣ ಎನಿಸುವುದು ಇಂಥ ಕತೆಗಳಿಂದಲೇ. ನೂರಾರು ಜನರ ಇನ್ನೊಂದು ವರ್ಷ ಮಾತ್ರ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ.

4. ಒಂದು ಗೋಲು, ಮೂರು ಪಂದ್ಯ

1987ರವರೆಗೆ ನಾಲ್ಕನೇ ವಿಭಾಗದ ತಳದಲ್ಲಿದ್ದ ಕ್ಲಬ್ಬುಗಳು ಉಳಿದವರ ಮತ ಕೇಳಿ ಲೀಗಿನಲ್ಲಿ ಮುಂದುವರಿಯಬಹುದಿತ್ತು. ಆ ವರ್ಷದಿಂದ ಕೊನೆಯ ಸ್ಥಾನಕ್ಕೆ ನೇರ ಹಿಂಬಡ್ತಿ ಬಂತು. ಲಿಂಕನ್ ಸಿಟಿ ಹೊರಬಿದ್ದಿತು, ಸ್ಕಾರ್ಬರೊ ಒಳಬಂದಿತು. ಹನ್ನೆರಡು ವರ್ಷದ ನಂತರ ಅದೇ ನಿಯಮ ಅದೇ ಸ್ಕಾರ್ಬರೊದ ಕುತ್ತಿಗೆಗೆ ಬಂತು.

1999ರ ಮೇ 8. ಉತ್ತರದ ಗಡಿಯೂರು ಕಾರ್ಲೈಲ್‌ನ ಬ್ರಂಟನ್ ಪಾರ್ಕಿನಲ್ಲಿ ಸೀಸನ್ನಿನ ಕೊನೆಯ ಪಂದ್ಯ, ಎದುರಾಳಿ ಪ್ಲಿಮತ್. ಕಾರ್ಲೈಲ್ ಗೆಲ್ಲಲೇಬೇಕು. ಸ್ಕೋರು 1-1, 90 ನಿಮಿಷ ಮುಗಿದಿದೆ. ಸ್ಕಾರ್ಬರೊದಲ್ಲಿ ಪಂದ್ಯ ಮುಗಿದು, ತಾವು ಉಳಿದೆವೆಂದು ಜನ ಸಂಭ್ರಮಿಸುತ್ತಿದ್ದಾರೆ. ಕಾರ್ಲೈಲ್‌ಗೆ ಕೊನೆಯ ಕಾರ್ನರ್ ಕಿಕ್ ಸಿಕ್ಕಿತು. ಮ್ಯಾನೇಜರ್ ನೈಜೆಲ್ ಪಿಯರ್ಸನ್ ಕೈಬೀಸಿ ಗೋಲ್‌ಕೀಪರ್‌ನನ್ನೂ ಮುಂದಕ್ಕೆ ಕಳಿಸಿದರು. ಜಿಮ್ಮಿ ಗ್ಲಾಸ್ ಕೆಂಪು ಅಂಗಿಯಲ್ಲಿ ಇಡೀ ಮೈದಾನ ಓಡಿ ಪೆನಾಲ್ಟಿ ಪೆಟ್ಟಿಗೆ ಸೇರಿದರು. ಕಾರ್ನರ್ ಬಂತು, ಸ್ಕಾಟ್ ಡೋಬಿ ತಲೆಯಿಂದ ಹೊಡೆದರು, ಪ್ಲಿಮತ್ ಕೀಪರ್ ತಡೆದ ಚೆಂಡು ನೇರ ಗ್ಲಾಸ್ ಕಾಲಿಗೆ ಬಿತ್ತು. ಬಲಗಾಲಿನ ಒಂದೇ ಹೊಡೆತ. ಜನ ಮೈದಾನಕ್ಕೆ ನುಗ್ಗಿದರು. ಕಾರ್ಲೈಲ್ ಉಳಿಯಿತು, ಸ್ಕಾರ್ಬರೊ ಹೋಯಿತು.

ಗ್ಲಾಸ್ ಕಾರ್ಲೈಲ್ ಆಟಗಾರರೇ ಆಗಿರಲಿಲ್ಲ. ಕ್ಲಬ್ಬಿನಲ್ಲಿ ಕೀಪರ್ ಇಲ್ಲದೆ ತುರ್ತಾಗಿ ಸ್ವಿಂಡನ್‌ನಿಂದ ಲೋನ್ ಮೇಲೆ ಬಂದವರು. ಅಲ್ಲಿ ಆಡಿದ್ದು ಒಟ್ಟು ಮೂರು ಪಂದ್ಯ. ಲೋನ್ ಎಂದರೆ ಈ ವೃತ್ತಿಯ ದಿನಗೂಲಿ. ಒಂದು ಕ್ಲಬ್ಬಿನ ಹೆಸರಿನಲ್ಲಿದ್ದು ಇನ್ನೊಂದರ ಅಂಗಿ ತೊಟ್ಟು, ಹೋಟೆಲ್ ಕೋಣೆಯಲ್ಲಿ ತಿಂಗಳು ಕಳೆದು, ಹೆಸರು ನೆನಪಾಗುವ ಮೊದಲೇ ಹೊರಡುವ ಬದುಕು. ಊರು ಇಂದಿಗೂ ನೆನೆಯುವ ಗೋಲು ಹೊಡೆದ ಗ್ಲಾಸ್ ಮುಂದೆ ಕೆಲವು ಕ್ಲಬ್ಬುಗಳಲ್ಲಿ ಅಲ್ಲಿಷ್ಟು ಇಲ್ಲಿಷ್ಟು ಆಡಿ, ಮೂವತ್ತಾಗುವ ಮುಂಚೆಯೇ ಪೂರ್ಣಾವಧಿ ಆಟ ಬಿಟ್ಟರು. ನಂತರ ಟ್ಯಾಕ್ಸಿ ಓಡಿಸಿದರು. ಗೋಲಿನಿಂದ ಉಳಿದದ್ದು ಕ್ಲಬ್ಬಿನ ಸ್ಥಾನ. ಹೊಡೆದವನ ಕೆಲಸ ಉಳಿಯಲಿಲ್ಲ.

5. ಬಾಳಿಕೆ

ಬಾಳಿಕೆ ಬಂದವರೂ ಇದ್ದಾರೆ. ಟೋನಿ ಫೋರ್ಡ್ 1975ರಲ್ಲಿ ಹದಿನಾರರ ಹುಡುಗನಾಗಿ ಗ್ರಿಮ್ಸ್‌ಬಿ ಟೌನ್ ಪರ ಇಳಿದು, 2001ರಲ್ಲಿ ರೋಚ್‌ಡೇಲ್‌ನಲ್ಲಿ ನಿಲ್ಲಿಸುವ ಹೊತ್ತಿಗೆ 931 ಲೀಗ್ ಪಂದ್ಯ ಆಡಿದ್ದರು. ಗೋಲ್‌ಕೀಪರ್ ಪೀಟರ್ ಶಿಲ್ಟನ್ ಅವರದು 1,005. ಕೀಪರ್ ಅಲ್ಲದವರಲ್ಲಿ ಫೋರ್ಡ್ ಅವರದೇ ದಾಖಲೆ. ಸ್ಕಂತೋರ್ಪ್, ಲೂಟನ್, ಪ್ರೆಸ್ಟನ್‌ಗಳಲ್ಲಿ ಬೆವರು ಸುರಿಸಿದ ಗ್ರಹಂ ಅಲೆಕ್ಸಾಂಡರ್ ಅವರಿಗೆ ಬರ್ನ್ಲಿ ಮೂಲಕ ಪ್ರೀಮಿಯರ್ ಲೀಗ್ ಕಾಣಲು 2009 ಬರಬೇಕಾಯಿತು. ಆಗ ಅವರ ವಯಸ್ಸು 37.

ಅಡೆಬಾಯೊ ಅಕಿನ್‌ಫೆನ್ವ ಅವರ ಮೈಕಟ್ಟು ನೋಡಿದರೆ ಯಾವ ಅಕಾಡೆಮಿಯೂ ಒಳಗೆ ಬಿಡಲಾರದು, ಕುಸ್ತಿಪಟುವಿನ ದೇಹ. ಲಂಡನ್ನಿನ ಈ ಆಟಗಾರನ ವೃತ್ತಿ ಶುರುವಾದದ್ದು ಲಿಥುವೇನಿಯಾದಲ್ಲಿ. ನಾರ್ಥಾಂಪ್ಟನ್, ಜಿಲಿಂಗಂ, ವಿಂಬಲ್ಡನ್, ವಿಕಂಬ್ ಹೀಗೆ ಸಾಗಿದ ದಾರಿಯಲ್ಲಿ 2016ರ ಲೀಗ್ ಟೂ ಪ್ಲೇಆಫ್ ಫೈನಲ್ ಇದೆ. ವೆಂಬ್ಲಿಯಲ್ಲಿ ಕೊನೆಯ ಕ್ಷಣಗಳ ಪೆನಾಲ್ಟಿಯನ್ನು ಗೋಲಾಗಿಸಿ ವಿಂಬಲ್ಡನ್ನಿಗೆ ಬಡ್ತಿ ಖಚಿತಪಡಿಸಿದ ಸಂಜೆಯೇ, ತನಗೀಗ ಕ್ಲಬ್ಬಿಲ್ಲ, ಬೇಕಾದ ಮ್ಯಾನೇಜರ್‌ಗಳು ವಾಟ್ಸ್‌ಆ್ಯಪ್ ಮಾಡಬಹುದು ಎಂದು ಟಿ.ವಿ. ಕ್ಯಾಮೆರಾ ಮುಂದೆ ನಗುತ್ತ ಹೇಳಿಕೊಂಡರು. ವಿಕಂಬ್ ಕರೆಯಿತು. ಅದೇ ಕ್ಲಬ್ 2020ರಲ್ಲಿ ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ಎರಡನೇ ಹಂತಕ್ಕೆ ಏರಿದಾಗ ಅಕಿನ್‌ಫೆನ್ವ ತಂಡದಲ್ಲಿದ್ದರು.

6. ಕ್ಲಬ್ ಮುಳುಗಿದಾಗ

ಆಟಗಾರ ಗಟ್ಟಿಯಿದ್ದರೂ ಕ್ಲಬ್ ಗಟ್ಟಿಯಿರಬೇಕಲ್ಲ. ಐಟಿವಿ ಡಿಜಿಟಲ್ ಎಂಬ ಚಾನೆಲ್ ಈ ಕೆಳ ಲೀಗುಗಳ ಪಂದ್ಯಗಳ ಮೂರು ವರ್ಷದ ಪ್ರಸಾರಕ್ಕೆ 31.5 ಕೋಟಿ ಪೌಂಡ್ ಒಪ್ಪಿಕೊಂಡು 2002ರಲ್ಲಿ ದಿವಾಳಿಯಾಯಿತು. ಆ ಹಣ ಬಂದೇ ಬರುತ್ತದೆಂದು ಖರ್ಚು ಮಾಡಿದ್ದ ಕ್ಲಬ್ಬುಗಳು ಆ ಬೇಸಿಗೆ ಆಟಗಾರರನ್ನು ಗುಂಪು ಗುಂಪಾಗಿ ಬಿಟ್ಟವು.

ಭಾರತೀಯ ಓದುಗರಿಗೆ ಪರಿಚಿತವಾದ ಕ್ಲಬ್ ಒಂದು ಇದೇ ಸಾಲಿನಲ್ಲಿದೆ. 1999ರಲ್ಲಿ ಸಿಕ್ಕಿಮ್‌ನ ಬೈಚುಂಗ್ ಭುಟಿಯಾ, ಕೆಲವು ದೊಡ್ಡ ಕ್ಲಬ್ಬುಗಳ ಟ್ರಯಲ್‌ಗಳಲ್ಲಿ ಜಾಗ ಸಿಗದೆ, ಮ್ಯಾಂಚೆಸ್ಟರ್ ಪಕ್ಕದ ಬೆರಿ ಕ್ಲಬ್ಬಿಗೆ ಸಹಿ ಹಾಕಿದರು. ಬೆರಿ ಆಗ ಮೂರನೇ ಹಂತದಲ್ಲಿತ್ತು. ಮಂಡಿಯ ಗಾಯ ಕಾಡಿತು, ಬೆಂಚಿನ ಮೇಲೆ ಕೂತದ್ದೇ ಹೆಚ್ಚಾಯಿತು. 2002ರಲ್ಲಿ ಕ್ಲಬ್ ಸಾಲದಲ್ಲಿ ಸಿಕ್ಕಿಕೊಂಡು ಹಿಂಬಡ್ತಿಗೂ ಇಳಿದಾಗ ಭುಟಿಯಾ ಭಾರತಕ್ಕೆ ಮರಳಿದರು.

ಅದೇ ಬೆರಿ 2019ರಲ್ಲಿ ಇನ್ನೊಂದು ರೀತಿಯಲ್ಲಿ ಸುದ್ದಿಯಾಯಿತು. 1894ರಿಂದ ಲೀಗಿನಲ್ಲಿದ್ದ, 1900 ಮತ್ತು 1903ರಲ್ಲಿ ಎಫ್‌ಎ ಕಪ್ ಗೆದ್ದಿದ್ದ ಕ್ಲಬ್ ಅದು. ಆ ವಸಂತದಲ್ಲಿ ಆಟಗಾರರಿಗೆ ವಾರಗಟ್ಟಲೆ ಸಂಬಳ ಬಂದಿರಲಿಲ್ಲ. ಆದರೂ ಆಡಿ ಎರಡನೇ ಸ್ಥಾನ ಗಳಿಸಿ ಬಡ್ತಿ ತಂದುಕೊಟ್ಟರು. ಆ ಬಡ್ತಿಯ ಸೀಸನ್ ಅವರಿಗೆ ಸಿಗಲೇ ಇಲ್ಲ. ಆಗಸ್ಟ್ 27ರಂದು ಕ್ಲಬ್ ಮಾರಾಟವಾಗಬಹುದೆಂಬ ಆಸೆಯಲ್ಲಿ ಅಭಿಮಾನಿಗಳು ಗಿಗ್ ಲೇನ್ ಮೈದಾನಕ್ಕೆ ಬಂದು ಕುರ್ಚಿ ಒರೆಸಿ, ಕಸ ಗುಡಿಸಿ ಮುಂದಿನ ಪಂದ್ಯಕ್ಕೆ ಅಣಿ ಮಾಡಿದರು. ಅದೇ ರಾತ್ರಿ ಲೀಗ್ ಬೆರಿಯನ್ನು ಹೊರಹಾಕಿತು. ಸೀಸನ್ ಶುರುವಾಗಿ ತಂಡಗಳು ಭರ್ತಿಯಾದ ಮೇಲೆ ಕೆಲಸ ಹುಡುಕಬೇಕಾದ ಆಟಗಾರರ ಪಾಡು ಊಹಿಸಬಹುದು.

ಇದಕ್ಕೆ ಮದ್ದಾಗಿ 2020ರಲ್ಲಿ ಲೀಗ್ ಒನ್ ಕ್ಲಬ್ಬಿಗೆ 25 ಲಕ್ಷ, ಲೀಗ್ ಟೂ ಕ್ಲಬ್ಬಿಗೆ 15 ಲಕ್ಷ ಪೌಂಡಿನ ಸಂಬಳ ಮಿತಿ ತಂದರು. ಆಟಗಾರರ ಸಂಘ ಪಂಚಾಯ್ತಿಗೆ ಹೋಗಿ 2021ರ ಫೆಬ್ರವರಿಯಲ್ಲಿ ಅದನ್ನು ರದ್ದು ಮಾಡಿಸಿತು. 2025ರಲ್ಲಿ ಬ್ರಿಟನ್ ಸಂಸತ್ತು ಕಾಯಿದೆ ಮಾಡಿ ಕ್ಲಬ್ಬುಗಳ ಹಣಕಾಸು ಮತ್ತು ಮಾಲೀಕರ ಅರ್ಹತೆ ನೋಡಲು ಸ್ವತಂತ್ರ ನಿಯಂತ್ರಕ ಸಂಸ್ಥೆಯನ್ನು ಸ್ಥಾಪಿಸಿತು.

7. ಬೆಂಗಳೂರಿಗೆ ಬಂದವರು

ಆಟ ಮುಗಿದ ಮೇಲೆ ಮುಂದೇನು? ಮೂವತ್ತೈದಕ್ಕೆ ಹೊಸ ಕಸುಬು ಕಲಿಯಬೇಕು. 1907ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹುಟ್ಟಿದ ಆಟಗಾರರ ಸಂಘ ಓದು, ತರಬೇತಿಗೆ ನೆರವು ಕೊಡುತ್ತದೆ. ಕೆಲವರು ಫಿಸಿಯೋಥೆರಪಿ ಓದುತ್ತಾರೆ, ಹಲವರು ಕೋಚಿಂಗ್ ಪರೀಕ್ಷೆ ಕಟ್ಟುತ್ತಾರೆ.

ಕನ್ನಡ ನಾಡಿನ ಫುಟ್‌ಬಾಲ್ ಪ್ರಿಯರು ಅಂಥ ಒಬ್ಬರನ್ನು ಹತ್ತಿರದಿಂದ ಕಂಡಿದ್ದಾರೆ. ಆ್ಯಶ್ಲಿ ವೆಸ್ಟ್‌ವುಡ್ ಮ್ಯಾಂಚೆಸ್ಟರ್ ಯುನೈಟೆಡ್‌ನ ಯುವ ತಂಡದಲ್ಲಿ ಬೆಳೆದು, ಮೊದಲ ತಂಡ ಸೇರಲಾಗದೆ 1995ರಲ್ಲಿ ಕ್ರೂ ಅಲೆಕ್ಸಾಂಡ್ರಾಗೆ ಹೋದರು. ಮುಂದೆ ಬ್ರ್ಯಾಡ್‌ಫರ್ಡ್ ಸಿಟಿ, ಶೆಫೀಲ್ಡ್ ವೆಡ್ನಸ್‌ಡೇ, ನಾರ್ಥಾಂಪ್ಟನ್, ಚೆಸ್ಟರ್, ಸ್ವಿಂಡನ್, ಸ್ಟೀವನೇಜ್, ರೆಕ್ಸಂ, ಕೆಟರಿಂಗ್‌ವರೆಗೆ ಡಿಫೆಂಡರ್ ಆಗಿ ದುಡಿದರು. 2013ರಲ್ಲಿ ಹೊಸದಾಗಿ ಹುಟ್ಟಿದ ಬೆಂಗಳೂರು ಎಫ್‌ಸಿ ಅವರನ್ನು ಮೊದಲ ಕೋಚ್ ಆಗಿ ಕರೆತಂದಿತು. ಮೊದಲ ಸೀಸನ್ನಿನಲ್ಲೇ ತಂಡ ಐ-ಲೀಗ್ ಗೆದ್ದಿತು. ಮುಂದಿನ ವರ್ಷ ಫೆಡರೇಷನ್ ಕಪ್, 2016ರಲ್ಲಿ ಮತ್ತೆ ಐ-ಲೀಗ್ ಬಂದವು.

ಅದೇ 2013ರಲ್ಲಿ ಜಾನ್ ಜಾನ್ಸನ್ ಕೂಡ ಬೆಂಗಳೂರಿಗೆ ಬಂದರು. ಮಿಡಲ್ಸ್‌ಬರೊ ಊರಿನಲ್ಲಿ ಹುಟ್ಟಿ ಅಲ್ಲಿನ ಕ್ಲಬ್ಬಿನಲ್ಲೇ ಕಲಿತು, ಅಲ್ಲಿ ನೆಲೆಯೂರಲಾಗದೆ ನಾರ್ಥಾಂಪ್ಟನ್ ಪರ ನಾಲ್ಕನೇ ವಿಭಾಗದಲ್ಲಿ ಆಡಿದವರು. ಬಂದಾಗ 24 ವರ್ಷ. ಇಂಗ್ಲೆಂಡಿನ ಲೆಕ್ಕದಲ್ಲಿ ಇನ್ನೊಂದು ಸಣ್ಣ ಕ್ಲಬ್, ಇನ್ನೊಂದು ವರ್ಷದ ಒಪ್ಪಂದ ಸಿಗಬಹುದಾಗಿದ್ದ ಆಟಗಾರ. ಇಲ್ಲಿ ಐದು ಸೀಸನ್ ತಂಡದ ರಕ್ಷಣೆಯ ಬೆನ್ನೆಲುಬಾಗಿ ನಿಂತು ಎರಡು ಐ-ಲೀಗ್ ಪದಕ ಗಳಿಸಿದರು. 2018ರಲ್ಲಿ ಅವರ ಒಪ್ಪಂದ ಮುಗಿಯಿತು. ಮುಂದಿನ ಸೀಸನ್ನಿಗೆ ಅವರು ಕೋಲ್ಕತ್ತದ ಎಟಿಕೆ ಸೇರಿದರು.