ದಾರಿಯ ಸುದ್ದಿ, ದಾರಿಯ ಆಯ್ಕೆ



ಶತಮಾನೋತ್ಸವದ ಈ ವೇದಿಕೆಯಲ್ಲಿ ಗಣಿತವನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ಅಪ್ಪಣೆಯಾದಾಗ, ನಾವು ಪುಸ್ತಕವನ್ನು ಬದಿಗಿಟ್ಟು ಕಾಗಲದ ರಸ್ತೆಯನ್ನೇ ಆರಿಸಿಕೊಂಡೆವು. ನಮ್ಮ ನಾಲಿಗೆಗೆ ಇನ್ನೂ 4 ಎಂದೇ ರೂಢಿಯಲ್ಲಿರುವ, ಈಗ 48 ಎನಿಸಿಕೊಂಡಿರುವ ಪುಣೆ–ಬೆಂಗಳೂರು ಹೆದ್ದಾರಿ ಅದು.

ಇಲ್ಲಿಂದ ಇಚಲಕರಂಜಿಗೆ ಹೊರಟವರು ಹೆದ್ದಾರಿ ಹಿಡಿದು ಶಿರೋಳಿಯ ಮೇಲಿಂದ ಸುತ್ತಿ ಹೋಗಬಹುದು. ಇಲ್ಲವೆ ಹುಪರಿಯ ಒಳದಾರಿ ಹಿಡಿಯಬಹುದು. ಮೊದಲನೆಯದು ಅಗಲ, ಎರಡನೆಯದು ಹತ್ತಿರ. ಹೆದ್ದಾರಿಯಲ್ಲಿ ದಟ್ಟಣೆಯಿದೆಯೆಂದು ಮೊಬೈಲು ತಿಳಿಸಿದರೆ ಏನಾಗುತ್ತದೆ? ಲೆಕ್ಕದ ಸಲುವಾಗಿ ಕೆಲವು ಅಂಕಿಗಳನ್ನು ಹಿಡಿಯೋಣ. ಹೊರಟ ವಾಹನಗಳು 100. ಆ ದಿನ ಹೆದ್ದಾರಿಯಲ್ಲಿ ಎಷ್ಟು ಜನ ಹೋದರೂ 60 ನಿಮಿಷ. ಒಳದಾರಿ ಬರಿದಾಗಿದ್ದರೆ 30 ನಿಮಿಷ. ಆದರೆ ಒಳಹೊಕ್ಕ ಪ್ರತಿ ವಾಹನಕ್ಕೂ ಎಲ್ಲರಿಗೂ ಅರ್ಧ ನಿಮಿಷ ಹೆಚ್ಚುತ್ತದೆ.

ಸುದ್ದಿ ಕೇಳಿ ನೂರೂ ವಾಹನಗಳು ಒಳದಾರಿಗೆ ನುಗ್ಗಿದರೆ ಪ್ರತಿಯೊಬ್ಬನಿಗೂ 80 ನಿಮಿಷ! ಸುದ್ದಿಯೇ ಇಲ್ಲದಿದ್ದರೆ 60ರಲ್ಲಿ ಮುಗಿಯುತ್ತಿತ್ತು. ದಿನಗಳೆದಂತೆ ಜನ ಕಲಿತು, 60 ವಾಹನಗಳು ಒಳದಾರಿಯಲ್ಲೂ 40 ಹೆದ್ದಾರಿಯಲ್ಲೂ ನಿಲ್ಲುತ್ತವೆ. ಆಗ ಎರಡೂ ಕಡೆ 60 ನಿಮಿಷವೇ. ದಾರಿ ಬದಲಿಸಿ ಯಾರಿಗೂ ಲಾಭವಿಲ್ಲದ ಈ ಸ್ಥಿತಿಯನ್ನು 1952ರಲ್ಲಿ ಇಂಗ್ಲೆಂಡಿನ ವಾರ್ಡ್ರಾಪ್ ಎಂಬ ಪಂಡಿತರು ತಮ್ಮ ಮೊದಲ ತತ್ತ್ವವಾಗಿ ಹೇಳಿದರು. ಒಟ್ಟು ಸಮಯ ಕನಿಷ್ಠವಾಗಬೇಕೆಂಬುದು ಅವರ ಎರಡನೆಯ ತತ್ತ್ವ. ನಮ್ಮ ಲೆಕ್ಕದಲ್ಲಿ ಅದು 30 ವಾಹನಗಳು ಮಾತ್ರ ಒಳದಾರಿ ಹಿಡಿದಾಗ ಸಿದ್ಧಿಸುತ್ತದೆ: ಅವರಿಗೆ 45 ನಿಮಿಷ, ಉಳಿದವರಿಗೆ 60. ಹತ್ತನೆಯ ತರಗತಿಯ ಮಕ್ಕಳು ವರ್ಗಸಮೀಕರಣದಿಂದ ಇದನ್ನು ತಾಳೆ ನೋಡಬಹುದು.

ಆದರೆ ಆ ಮೂವತ್ತು ಮಂದಿ ಯಾರು? ಹೆರಿಗೆಗೆ ಹೊರಟ ತಾಯಿಯೋ, ಹಾಲಿನ ಗಾಡಿಯೋ, ಸುಮ್ಮನೆ ಅವಸರಪಡುವವನೋ? ಇದಕ್ಕೆ ಸಮೀಕರಣ ಉತ್ತರಿಸದು.

ಚಾಲಕನು ಸುದ್ದಿಯನ್ನೆಲ್ಲ ನಂಬುವವನೂ ಅಲ್ಲ. ಮೊಬೈಲು 60 ಎನ್ನುತ್ತದೆ, ಅವನ ಅನುಭವ 40 ಎನ್ನುತ್ತದೆ. ಅರೆನಂಬಿಕೆಯವನ ಮನಸ್ಸಿನ ಲೆಕ್ಕ 50. ಒಮ್ಮೆ ಸುದ್ದಿ ಸುಳ್ಳಾದರೆ ನಾಳೆ ಅದಕ್ಕೆ ಕೊಡುವ ತೂಕ ಇಳಿಯುತ್ತದೆ. 1991ರಲ್ಲಿ ಮೋಶೆ ಬೆನ್-ಅಕಿವಾ ಮತ್ತು ಸಂಗಡಿಗರು ಚಾಲಕರ ಇಂಥ ಪ್ರತಿಕ್ರಿಯೆಗಳನ್ನು ಗಣಿತ ಮಾದರಿಗೆ ತರುವಾಗ, ಒಂದೇ ಸುದ್ದಿಗೆ ಎಲ್ಲರೂ ಒಮ್ಮೆಲೆ ಓಗೊಡುವ ಅಪಾಯವನ್ನು ಎತ್ತಿ ತೋರಿಸಿದರು. ಸುದ್ದಿ ಕೊಡುವವನು ಈಗಿನ ದಟ್ಟಣೆಯನ್ನಷ್ಟೇ ಹೇಳಿದರೆ ಸಾಲದು. ತನ್ನ ಸುದ್ದಿಯಿಂದಲೇ ಹುಟ್ಟುವ ದಟ್ಟಣೆಯನ್ನೂ ಎಣಿಸಬೇಕು.

ನಮ್ಮ ಭಾಗದಲ್ಲಿ ಮೊಬೈಲಿಗಿಂತ ಹಳೆಯದೊಂದು ಸುದ್ದಿಯಿದೆ: ಕೊಲ್ಹಾಪುರದ ರಾಜಾರಾಮ ಬಂಧಾರದಲ್ಲಿ ಪಂಚಗಂಗೆಯ ಮಟ್ಟ. 39 ಅಡಿ ಎಚ್ಚರಿಕೆ, 43 ಅಡಿ ಅಪಾಯ. ಮಳೆಗಾಲದಲ್ಲಿ ಈ ಅಂಕಿಯನ್ನು ಕೇಳಿಯೇ ಜನ ನಾಳೆಯ ಪ್ರಯಾಣವನ್ನು ಇಂದೇ ಮುಗಿಸುತ್ತಾರೆ, ಇಲ್ಲವೆ ಕೈಬಿಡುತ್ತಾರೆ. 2019ರ ಆಗಸ್ಟಿನಲ್ಲೂ 2021ರ ಜುಲೈಯಲ್ಲೂ ಶಿರೋಳಿಯ ಬಳಿ ಹೆದ್ದಾರಿ ನೀರಿನಡಿ ಹೋಗಿ ಸಂಚಾರ ನಿಂತಿತು, ಲಾರಿಗಳು ಸಾಲುಗಟ್ಟಿದವು. ಹುಪರಿಯ ದಾರಿಯೂ ಅದೇ ಪಂಚಗಂಗೆಯನ್ನು ದಾಟಬೇಕಾದ್ದರಿಂದ, ಅಂಥ ದಿನ ಒಳದಾರಿಯ ಲೆಕ್ಕವೇ ಬಿದ್ದುಹೋಗುತ್ತದೆ. ಆಗ ಉಪಯೋಗವಾಗುವುದು ‘ಹೊರಡಬೇಡಿ’ ಎಂಬ ಸುದ್ದಿ. ಅದೂ ಲಾರಿ ಬೆಳಗಾವಿಯನ್ನು ಬಿಡುವ ಮೊದಲೇ ಮುಟ್ಟಬೇಕು.

ಇಲ್ಲಿ ಭಾಷೆಯೂ ಮಾದರಿಯೊಳಗೆ ಬರುತ್ತದೆ. ಗಡಿಯ ಆಚೆ ಫಲಕ ಕನ್ನಡದಲ್ಲಿ, ಈಚೆ ಮರಾಠಿಯಲ್ಲಿ. ಎರಡನ್ನೂ ಬಲ್ಲ ನಮ್ಮ ಮಕ್ಕಳಿಗೆ ಇದು ತೊಡಕಲ್ಲ. ತಮಿಳುನಾಡಿನಿಂದ ಬಂದ ಚಾಲಕನಿಗೆ ಎರಡೂ ಬರಿಯ ಗೀಟುಗಳು. ಓದಲಾಗದ ಸುದ್ದಿಗೆ ಅವನ ಲೆಕ್ಕದಲ್ಲಿ ಸೊನ್ನೆ ತೂಕ. ಅವನು ಮುಂದಿನ ಲಾರಿಯ ಬೆನ್ನು ಹಿಡಿದೇ ಹೋಗುತ್ತಾನೆ. ಮುಂದಿನವನು ಯಾರನ್ನು ನಂಬಿ ಹೊರಟನೋ ಅವನಿಗೆ ಗೊತ್ತಿರುವುದಿಲ್ಲ.