ಸೋಲಾರ್ ಉದ್ಯಮದ ಮೊದಲಿಗರು ಏನು ಓದಿದ್ದರು?

(ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಮಾಡಿದ ಭಾಷಣ)

 

“ಈ ಕೋರ್ಸ್ ಮಾಡಿದರೆ ಕೆಲಸ ಸಿಗುತ್ತದೆಯೇ?” ಅರ್ಜಿ ತುಂಬುವಾಗ ಪೋಷಕರು ಕೇಳುವ ಮೊದಲ ಪ್ರಶ್ನೆ ಇದು. ಕಷ್ಟಪಟ್ಟು ಓದಿಸುವವರು ಕೇಳಲೇಬೇಕಾದ ಪ್ರಶ್ನೆ. ಇಂದು ಸೋಲಾರ್ ಕ್ಷೇತ್ರದಲ್ಲಿ ಕೆಲಸವಿದೆ ಎಂದು ನೀವೆಲ್ಲ ಕೇಳಿದ್ದೀರಿ. ಆದರೆ ಆ ಉದ್ಯಮವನ್ನು ಕಟ್ಟಿದವರು ಓದುತ್ತಿದ್ದಾಗ ಹಾಗೊಂದು ಕೋರ್ಸೂ ಇರಲಿಲ್ಲ, ಕೆಲಸವೂ ಇರಲಿಲ್ಲ.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡ್ಯಾರಿಲ್ ಚಾಪಿನ್ ಎಂಬ ಎಂಜಿನಿಯರ್ ಇದ್ದರು. ಸೆಕೆ, ತೇವ ಹೆಚ್ಚಿರುವ ಪ್ರದೇಶಗಳಲ್ಲಿ ಟೆಲಿಫೋನ್ ಉಪಕರಣಗಳ ಬ್ಯಾಟರಿ ಬೇಗ ಕೆಡುತ್ತಿತ್ತು. ಅದಕ್ಕೆ ಪರಿಹಾರ ಹುಡುಕುವುದು ಅವರ ಕೆಲಸ. ಅದೇ ಸಂಸ್ಥೆಯಲ್ಲಿ ಕ್ಯಾಲ್ವಿನ್ ಫುಲ್ಲರ್ ರಸಾಯನಶಾಸ್ತ್ರಜ್ಞರು, ಜೆರಾಲ್ಡ್ ಪಿಯರ್ಸನ್ ಭೌತಶಾಸ್ತ್ರಜ್ಞರು. ಮೂವರ ವಿದ್ಯೆ ಒಂದಾಗಿ 1954ರಲ್ಲಿ ಸಿಲಿಕಾನ್ ಸೌರಕೋಶ ಜಗತ್ತಿಗೆ ಬಂತು. ಬಿಸಿಲಿನ ಸುಮಾರು ಶೇಕಡಾ 6ರಷ್ಟನ್ನು ಅದು ವಿದ್ಯುತ್ತಾಗಿ ಮಾಡುತ್ತಿತ್ತು.

ಬೆಲೆ ಮಾತ್ರ ವಿಪರೀತ. 1958ರಲ್ಲಿ ವ್ಯಾನ್‌ಗಾರ್ಡ್ 1 ಉಪಗ್ರಹದ ಮೇಲೆ ಆ ಕೋಶಗಳು ಆಕಾಶಕ್ಕೆ ಹೋದವು. ಭೂಮಿಯ ಮೇಲೆ ಕೊಳ್ಳುವವರು ಬಹಳ ಕಡಿಮೆ. ಅಲ್ಲಿಂದ ಸುಮಾರು 15 ವರ್ಷ ಬೇಕಾಯಿತು. ಎಲಿಯಟ್ ಬರ್ಮನ್ ಎಂಬ ರಸಾಯನಶಾಸ್ತ್ರಜ್ಞರು ಚಿಪ್ ಕಾರ್ಖಾನೆಗಳು ತಿರಸ್ಕರಿಸಿದ ಸಿಲಿಕಾನ್ ಬಿಲ್ಲೆಗಳನ್ನೇ ಬಳಸಿದರು. ವ್ಯಾಟಿಗೆ ಸುಮಾರು 100 ಡಾಲರ್ ಇದ್ದ ಬೆಲೆ 20ಕ್ಕೆ ಇಳಿಯಿತು. ಸಮುದ್ರದ ನಡುವಿನ ತೈಲ ವೇದಿಕೆಗಳು ಎಚ್ಚರಿಕೆ ದೀಪಗಳಿಗಾಗಿ ಅವನ್ನು ಕೊಂಡವು.

1973ರಲ್ಲೇ ಜೋಸೆಫ್ ಲಿಂಡ್‌ಮಾಯರ್ ಮತ್ತು ಪೀಟರ್ ವರಾಡಿ ಸೋಲರೆಕ್ಸ್ ಕಂಪನಿ ಆರಂಭಿಸಿದರು. ಇಬ್ಬರೂ ಹಂಗೇರಿ ತೊರೆದು ಬಂದವರು. ತಾಯ್ನಾಡು ಬಿಟ್ಟು ಬಂದವರ ಕೈಯಲ್ಲಿ ಉಳಿದಿದ್ದ ಆಸ್ತಿ ಓದು. ಬಿಲ್ ಯರ್ಕೆಸ್ ಎಂಬ ಎಂಜಿನಿಯರ್, ಕಂಪನಿ ಕೈಬದಲಾದಾಗ ಕೆಲಸ ಕಳೆದುಕೊಂಡರು. 1975ರಲ್ಲಿ ಸ್ವಂತ ಕಂಪನಿ ತೆರೆದರು. ಬಟ್ಟೆಯ ಮೇಲೆ ಅಕ್ಷರ ಅಚ್ಚು ಹಾಕುವ ಸ್ಕ್ರೀನ್ ಪ್ರಿಂಟಿಂಗ್ ವಿಧಾನವನ್ನೇ ಅವರು ಸೌರಕೋಶದ ಲೋಹದ ಗೆರೆಗಳಿಗೆ ತಂದರು.

ನಮ್ಮ ರಾಜ್ಯಕ್ಕೆ ಬರೋಣ. ಖರಗ್‌ಪುರ ಐಐಟಿಯಲ್ಲಿ ಓದಿದ ಹರೀಶ್ ಹಂದೆಯವರು ನೆವಿಲ್ ವಿಲಿಯಮ್ಸ್ ಜೊತೆ 1995ರಲ್ಲಿ ಬೆಂಗಳೂರಿನಲ್ಲಿ ಸೆಲ್ಕೋ ಸ್ಥಾಪಿಸಿದರು. ತಿಂಗಳಿಗೆ 300 ರೂಪಾಯಿ ಕಷ್ಟ, ದಿನಕ್ಕೆ 10 ರೂಪಾಯಿಯಾದರೆ ಕೊಡಬಹುದು ಎಂಬ ಪಾಠವನ್ನು ಬೀದಿ ವ್ಯಾಪಾರಿಯೊಬ್ಬರಿಂದ ಕಲಿತೆ ಎಂದು ಅವರು ಹೇಳುತ್ತಾರೆ. ಬಡವರ ಮನೆಗೆ ದೀಪ ಹೋಗಲು ಪ್ಯಾನೆಲ್ ಇದ್ದರೆ ಸಾಲದು. ಕಂತು ಕೊಡುವ ಬ್ಯಾಂಕ್ ಬೇಕು, ಕೆಟ್ಟಾಗ ಬಂದು ಸರಿಮಾಡುವ ತಂತ್ರಜ್ಞ ಬೇಕು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಪೋಷಕರಲ್ಲಿ ನನ್ನ ವಿನಂತಿ ಇಷ್ಟೆ. ಮಗಳು ಬಿ.ಎಸ್ಸಿ. ರಸಾಯನಶಾಸ್ತ್ರ ಓದುತ್ತೇನೆ ಎಂದರೆ, ಮಗ ಐಟಿಐ ಎಲೆಕ್ಟ್ರಿಷಿಯನ್ ಆಗುತ್ತೇನೆ ಎಂದರೆ, “ಅದರಲ್ಲೇನಿದೆ” ಎಂದು ತಳ್ಳಿಹಾಕಬೇಡಿ. ಹತ್ತು ವರ್ಷದ ನಂತರ ಯಾವ ಉದ್ಯೋಗ ಬರುತ್ತದೆಂದು ಯಾರೂ ಹೇಳಲಾರರು. ಬುನಾದಿ ಗಟ್ಟಿಯಿದ್ದವನು ಬಂದ ಕೆಲಸವನ್ನು ಹಿಡಿಯುತ್ತಾನೆ.

ದಾನಿಗಳಲ್ಲಿ ಇನ್ನೊಂದು ಮಾತು. ವೈದ್ಯಕೀಯ, ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ನೆರವು ಸುಲಭವಾಗಿ ಸಿಗುತ್ತದೆ. ಡಿಪ್ಲೊಮಾ, ಐಟಿಐ, ಬಿ.ಎಸ್ಸಿ. ಮಕ್ಕಳಿಗೂ ಒಂದು ಪಾಲು ತೆಗೆದಿಡಿ. ಕೊಟ್ಟವರಿಗೆ ಓದು ಮುಗಿಯುವವರೆಗೂ ಕೊಡಿ. ಮೊದಲ ವರ್ಷ ಶುಲ್ಕ ಕಟ್ಟಿ ಎರಡನೇ ವರ್ಷ ಕೈಬಿಟ್ಟರೆ ಆ ಮಗು ಕಾಲೇಜು ಬಿಡುತ್ತದೆ. ಪ್ರಯೋಗಾಲಯದ ಆ ಸಣ್ಣ ಬಿಲ್ಲೆ ಹಳ್ಳಿಯ ಮನೆಯ ಮಾಡಿಗೆ ಬರಲು 40 ವರ್ಷ ಹಿಡಿಯಿತು. ನಮ್ಮ ಮಕ್ಕಳು ಕೇಳುತ್ತಿರುವುದು ಮೂರು ವರ್ಷ.